ಮೂರು ಮಾರ್ಕಿನ ಮಾತು

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಕಾಲೇಜಿನ ಮೆಟ್ಟಲನ್ನೇ ಹತ್ತದವನೊಬ್ಬನು ಕಾಲೇಜಿನ ಪ್ರಾಧ್ಯಾಪಕರು ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಲು ಎದ್ದು ನಿಂತಿದ್ದಾನೆ ಎಂದು ತಮಗೆ ನಗೆ ಬಂದರೆ ನಾನು ಬೇಸರ ಪಡುವವನಲ್ಲ. ನಾನು ಮೆಟ್ರಿಕ್ಕಿಗೆ ನಿಂತವನು. ಗಿರಣಿಯಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವುದು ನನ್ನ ಕೆಲಸ. ಆದರೆ ಇಂದಿನ ವಿಷಯವು ಮೇಲುನೋಟಕ್ಕೆ ಕಾಲೇಜಿನದಾದರೂ ಒಳಗೆ ಲೆಕ್ಕದ್ದೇ ಆಗಿದೆ. ಗೆರೆಯ ಅಂಚಿನಲ್ಲಿ ನಿಂತವನನ್ನು ಆಚೆ ದಾಟಿಸಬೇಕೆ, ಬೇಡವೆ, ದಾಟಿಸುವುದಾದರೆ ಯಾರನ್ನು ಎಂಬುದು ಪ್ರಶ್ನೆ. ಇದನ್ನು ದಿನವೂ ಎದುರಿಸುವವರು ಪ್ರಾಧ್ಯಾಪಕರು ಮಾತ್ರವಲ್ಲ, ನನ್ನಂಥ ಕಾರಕೂನರೂ ಎದುರಿಸುತ್ತಾರೆ. ಆ ಧೈರ್ಯದಿಂದ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಈ ಮಾತು ಎಲ್ಲಿಂದ ಹುಟ್ಟಿತೆಂಬುದನ್ನು ಮೊದಲು ಹೇಳಬೇಕು. ನಮ್ಮ ವಾಚನಾಲಯಕ್ಕೆ ವಿಜಯಪುರದ ಕಡೆಯ ಒಬ್ಬ ತರುಣನು ಬರುತ್ತಾನೆ. ಹೆಸರು ಬೇಡ; ಅವನು ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಊರ ಕಡೆಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಇಲ್ಲಿ ಒಂದು ಗೋದಾಮಿನಲ್ಲಿ ಪಾರ್ಸಲು ಎಣಿಸುವ ಕೆಲಸಕ್ಕೆ ಸೇರಿದ್ದಾನೆ. ಸಂಜೆ ಪಾಳಿ ಮುಗಿದ ಮೇಲೆ ಬಂದು ಕೆಲಸದ ಜಾಹೀರಾತುಗಳನ್ನು ಒಂದು ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಾನೆ. ಒಂದು ದಿನ ನೋಟುಬುಕ್ಕು ತೆರೆದೇ ಇತ್ತು, ಪೆನ್ನು ಮಾತ್ರ ಓಡುತ್ತಿರಲಿಲ್ಲ. ಏನಪ್ಪ ಎಂದು ಕೇಳಿದೆ. ಅವನು ಜಾಹೀರಾತಿನ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದನು.

ಬ್ಯಾಂಕುಗಳ ನೇಮಕಾತಿಯ ಪ್ರಕಟಣೆಗಳನ್ನು ಓದಿದವರಿಗೆ ಆ ಸಾಲಿನ ಪರಿಚಯ ಇದ್ದೇ ಇರುತ್ತದೆ. ಪ್ರತಿಶತವನ್ನು ಲೆಕ್ಕ ಮಾಡುವಾಗ ದಶಾಂಶದ ಭಾಗವನ್ನು ಬಿಟ್ಟುಬಿಡಬೇಕು, 59.99 ಬಂದರೂ ಅದು 60ಕ್ಕಿಂತ ಕಡಿಮೆಯೆಂದೇ ಪರಿಗಣಿಸಲ್ಪಡುವುದು ಎಂಬುದು ಅದರ ತಾತ್ಪರ್ಯ. ನಮ್ಮ ತರುಣನ ಆರು ಸೆಮಿಸ್ಟರಿನ ಒಟ್ಟು ಮಾರ್ಕು 3,600ಕ್ಕೆ 2,157. ಭಾಗಿಸಿ ನೋಡಿದರೆ 59.91. ಮೊದಲನೆಯ ವರ್ಗಕ್ಕೆ 2,160 ಬೇಕಿತ್ತು. ಮೂರು ವರ್ಷದ ಓದು ಮೂರು ಮಾರ್ಕಿಗೆ ನಿಂತಿತು.

ಇಷ್ಟೇ ಆಗಿದ್ದರೆ ಹಣೆಬರಹ ಎಂದು ಹೇಳಿ ಒಂದು ಕಪ್ಪು ಚಹಾ ಕುಡಿಸಿ ಕಳಿಸುತ್ತಿದ್ದೆನೋ ಏನೋ. ಆದರೆ ಮುಂದೆ ಅವನು ಹೇಳಿದ ಸಂಗತಿ ಬೇರೆ. ಅವನ ಜತೆಗೆ ಒಂದೇ ಬೆಂಚಿನಲ್ಲಿ ಕುಳಿತ ಗೆಳೆಯನೊಬ್ಬನು ಇದ್ದನು. ಅವನೂ ಹೀಗೆಯೇ ಅಂಚಿನಲ್ಲಿದ್ದವನು. ಕೊನೆಯ ಸೆಮಿಸ್ಟರಿನಲ್ಲಿ ಆ ಗೆಳೆಯನು ಹಿಂದಿನ ಐದು ಸೆಮಿಸ್ಟರಿನ ಲೆಕ್ಕ ಹಾಕಿ, ತನಗೆ ನಾಲ್ಕೈದು ಮಾರ್ಕು ಕಡಿಮೆ ಬೀಳಬಹುದೆಂದು ಮುಂಚಿತವಾಗಿಯೇ ಕಂಡುಕೊಂಡನು. ಒಳ ಮೌಲ್ಯಮಾಪನದ ಮಾರ್ಕಿನ ಪಟ್ಟಿಯು ವಿಶ್ವವಿದ್ಯಾನಿಲಯಕ್ಕೆ ಹೋಗುವ ಮೊದಲೇ ಸೋದರಮಾವನನ್ನು ಕರೆದುಕೊಂಡು ಪ್ರಾಧ್ಯಾಪಕರ ಮನೆಗೆ ಹೋದನು. ಅವರು ಕೆಟ್ಟವರಲ್ಲ. ಹಣ ಮುಟ್ಟಲಿಲ್ಲ, ತಂದ ಹಣ್ಣಿನ ಬುಟ್ಟಿಯನ್ನೂ ಹಿಂದಕ್ಕೆ ಕಳಿಸಿದರಂತೆ. ಹುಡುಗನ ಭವಿಷ್ಯ ಹಾಳಾಗದಿರಲಿ ಎಂದು ಎರಡು ವಿಷಯಗಳಲ್ಲಿ ಎರಡೆರಡು ಮಾರ್ಕು ಏರಿಸಿದರು. ಅವನಿಗೆ ಒಟ್ಟು 2,161 ಬಂದಿತು. ಆ ನಾಲ್ಕು ಮಾರ್ಕು ಇಲ್ಲದಿದ್ದರೆ 2,157. ಎಂದರೆ ನಮ್ಮವನ ಮಾರ್ಕೇ.

"ನೀನೂ ಹೋಗಿ ಕೇಳಬಾರದಿತ್ತೇನಪ್ಪ?" ಎಂದು ನಾನು ಕೇಳಿದೆ.

"ಕೇಳಬಹುದು ಅಂತ ನನಗ ಗೊತ್ತೇ ಇರಲಿಲ್ರಿ ಅಣ್ಣಾರ" ಎಂದನು.

ಅಂದು ಮೇಜಿನ ಸುತ್ತ ಕುಳಿತವರಲ್ಲಿ ಎರಡು ಪಕ್ಷಗಳಾದವು. ರೈಲ್ವೆಯಿಂದ ನಿವೃತ್ತರಾದ ನಮ್ಮ ಹಿರಿಯರೊಬ್ಬರು, ಮಾರ್ಕೆಂದರೆ ಮಾರ್ಕು, ತಕ್ಕಡಿಯ ಮುಳ್ಳು ಎಲ್ಲಿ ನಿಂತಿತೋ ಅದೇ ತೂಕ, ಕೊಸರು ಕೇಳುವುದು ತರಕಾರಿ ಅಂಗಡಿಯಲ್ಲಿ ಎಂದರು. ಇನ್ನೊಬ್ಬರು ಹೋಟೆಲಿನಲ್ಲಿ ಲೆಕ್ಕ ನೋಡುವವರು. ಎರಡು ಮಾರ್ಕು ಏರಿಸಿದರೆ ಯಾರ ಗಂಟು ಹೋಗುತ್ತದೆ, ಒಂದು ಸಂಸಾರ ನಿಲ್ಲುತ್ತದೆ, ದೊಡ್ಡ ಮನಸ್ಸು ಮಾಡಬೇಕು ಎಂದರು. ವಾಚನಾಲಯದಲ್ಲಿ ಮೌನವಾಗಿರಬೇಕೆಂಬ ಫಲಕದ ಕೆಳಗೇ ಕುಳಿತು ಒಂಬತ್ತು ಗಂಟೆಯವರೆಗೆ ವಾದ ಮಾಡಿದೆವು. ಕಾರ್ಯದರ್ಶಿಗಳು ದೀಪ ಆರಿಸಿದ ಮೇಲೆಯೇ ಎದ್ದದ್ದು. ಮನೆಗೆ ಹೋದ ಮೇಲೂ ಅದು ನನ್ನ ತಲೆಯಿಂದ ಹೋಗಲಿಲ್ಲ. ಆದುದರಿಂದ ಇದರ ವಿಚಾರವಾಗಿ ಸಿಕ್ಕಿದ್ದನ್ನು ಓದಿದೆ.

ಓದುವಾಗ ಮೊದಲು ಸಿಕ್ಕ ಸಂಗತಿ ನನ್ನನ್ನು ಬೆರಗುಗೊಳಿಸಿತು. ಕಲಕತ್ತೆ, ಮುಂಬಯಿ, ಮದರಾಸು ವಿಶ್ವವಿದ್ಯಾನಿಲಯಗಳು ಮೂರೂ 1857ರಲ್ಲಿ ಸ್ಥಾಪಿತವಾದವು. ಕಲಕತ್ತೆಯಲ್ಲಿ ಮೊದಲ ಬಿ.ಎ. ಪರೀಕ್ಷೆ ನಡೆದದ್ದು 1858ರಲ್ಲಿ. ಪರೀಕ್ಷೆಗೆ ಕುಳಿತ ಕೆಲವೇ ವಿದ್ಯಾರ್ಥಿಗಳಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ. ಇಬ್ಬರು ಮಾತ್ರ ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿ ಮುಗಿಸಿ, ಆರನೆಯದರಲ್ಲಿ ಏಳಕ್ಕಿಂತ ಹೆಚ್ಚಲ್ಲದ ಮಾರ್ಕುಗಳಿಂದ ಸೋತಿದ್ದರು. ಪರೀಕ್ಷಕರು ಶಿಫಾರಸು ಮಾಡಿದರು. ಸಿಂಡಿಕೇಟು ವಿಶೇಷ ಕೃಪೆಯೆಂದು ಹೇಳಿ ಆ ಇಬ್ಬರಿಗೆ ಎರಡನೆಯ ವರ್ಗದಲ್ಲಿ ಪದವಿ ಕೊಟ್ಟಿತು. ಒಬ್ಬರು ಜದುನಾಥ ಬೋಸರು. ಇನ್ನೊಬ್ಬರು ಬಂಕಿಮಚಂದ್ರ ಚಟರ್ಜಿಯವರು, ನಮಗೆ ವಂದೇ ಮಾತರಂ ಕೊಟ್ಟ ಬಂಕಿಮಚಂದ್ರರು! ಆ ವಿಶ್ವವಿದ್ಯಾನಿಲಯದ ಮೊದಲ ಪದವೀಧರರೇ ಗ್ರೇಸ್ ಮಾರ್ಕಿನ ಪದವೀಧರರು. ನಪಾಸಾಗಿ ಮುಖ ಮುಚ್ಚಿಕೊಂಡು ತಿರುಗುವ ನಮ್ಮ ಹುಡುಗರಿಗೆ ಈ ಕಥೆಯನ್ನು ಯಾರೂ ಏಕೆ ಹೇಳುವುದಿಲ್ಲವೋ ನಾನರಿಯೆ.

ಇದಕ್ಕೆ ಒಂದು ಬಾಲವೂ ಇದೆ. ಆ ಸಿಂಡಿಕೇಟು ಪದವಿ ಕೊಡುವಾಗ, ಈ ಕೃಪೆಯನ್ನು ಮುಂದಿನ ವರ್ಷಗಳಲ್ಲಿ ಯಾರೂ ಪೂರ್ವೋದಾಹರಣೆಯಾಗಿ ಎತ್ತತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿಟ್ಟಿತು. ನಮ್ಮ ಗಿರಣಿಯಲ್ಲಿಯೂ ಹೀಗೆಯೇ. "ಇದೊಂದು ಸಲ ಮಾತ್ರ, ಯಾರಿಗೂ ಹೇಳಬೇಡ" ಎಂದು ಸಾಹೇಬರು ಒಬ್ಬನಿಗೆ ಮುಂಗಡ ಕೊಟ್ಟರೆ ಮರುದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನು ತಕ್ಕಡಿಯ ಮಾತಿಗೆ ಬರುತ್ತೇನೆ. ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಮಾರ್ಕು ಹಾಕುವವರ ಕೈಯಲ್ಲಿರುವ ತಕ್ಕಡಿ ಅವರು ತಿಳಿದಷ್ಟು ನಿಜವಾದದ್ದಲ್ಲ. ಸರ್ ಫಿಲಿಪ್ ಹಾರ್ಟೋಗ್ ಎಂಬವರಿದ್ದರು. ಢಾಕಾ ವಿಶ್ವವಿದ್ಯಾನಿಲಯದ ಮೊದಲನೆಯ ಕುಲಪತಿಗಳು ಅವರೇ. ನಮ್ಮ ದೇಶದ ಶಿಕ್ಷಣದ ಮೇಲೆ 1929ರಲ್ಲಿ ವರದಿ ಕೊಟ್ಟ ಸಮಿತಿಯೂ ಅವರ ಹೆಸರಿನದೇ. ಅವರೂ ರೋಡ್ಸ್ ಎಂಬವರೂ ಸೇರಿ ಇಂಗ್ಲೆಂಡಿನಲ್ಲಿ ಪರೀಕ್ಷಕರನ್ನೇ ಪರೀಕ್ಷೆಗೆ ಒಡ್ಡಿ, 1935ರಲ್ಲಿ ಅದನ್ನು ಪ್ರಕಟಿಸಿದರು. ಮಾಡಿದ್ದೇನೆಂದರೆ, ಮೊದಲು ಒಂದೇ ನಡುತರದ ಮಾರ್ಕು ಪಡೆದಿದ್ದ ಇತಿಹಾಸದ 15 ಉತ್ತರ ಪತ್ರಿಕೆಗಳನ್ನು ಅನುಭವಸ್ಥ ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅವರಲ್ಲಿ 14 ಮಂದಿಗೆ ಅವೇ ಪತ್ರಿಕೆಗಳನ್ನು ಮತ್ತೆ ಕೊಟ್ಟರು. ಕೈ ಅದೇ, ಕಾಗದ ಅದೇ. ಒಟ್ಟು 210 ತೀರ್ಪುಗಳಲ್ಲಿ 92 ಬದಲಾದವು! ಮೊದಲು ಪಾಸೆಂದವರು ಈಗ ನಪಾಸೆಂದರು, ನಪಾಸೆಂದವರು ಪಾಸೆಂದರು. ಇನ್ನೊಬ್ಬನ ಅಭಿಪ್ರಾಯದೊಡನೆ ಹೊಂದದಿದ್ದರೆ ಆಶ್ಚರ್ಯವಿಲ್ಲ, ತಮ್ಮ ಅಭಿಪ್ರಾಯದೊಡನೆ ತಾವೇ ಹೊಂದಲಿಲ್ಲ.

ಹಾಗಿರುವಲ್ಲಿ 2,157 ಮತ್ತು 2,160ರ ನಡುವೆ ಬುದ್ಧಿಯ ವ್ಯತ್ಯಾಸವಿದೆಯೆಂದು ಪ್ರಮಾಣ ಮಾಡಿ ಹೇಳಬಲ್ಲವರು ಯಾರು? ಸಂಜೆ ನಾಲ್ಕು ಗಂಟೆಗೆ ಅರುವತ್ತನೆಯ ಪತ್ರಿಕೆ ತಿದ್ದುವ ಪ್ರಾಧ್ಯಾಪಕರ ಬೆನ್ನುನೋವಿನಲ್ಲಿ ಮೂರು ಮಾರ್ಕು ಹೋಗಿರಬಹುದು. ಅಂಚಿನಲ್ಲಿ ನಿಂತವನಿಗೆ ಸಂಶಯದ ಲಾಭ ಸಿಕ್ಕಬೇಕು ಎಂಬ ವಾದದಲ್ಲಿ ಹುರುಳಿದೆ. ಗ್ರೇಡ್ ಪದ್ಧತಿ ಬಂದ ಮೇಲಂತೂ ಗೆರೆಗಳ ಸಂಖ್ಯೆ ಹೆಚ್ಚಾಗಿದೆ. ಹಿಂದೆ ಪಾಸು, ಎರಡನೆಯ ವರ್ಗ, ಮೊದಲನೆಯ ವರ್ಗ ಎಂದು ಮೂರು ನಾಲ್ಕು ಗೆರೆ ಇದ್ದಲ್ಲಿ ಈಗ ಪ್ರತಿಯೊಂದು ವಿಷಯದಲ್ಲಿ ಏಳೆಂಟು ಗೆರೆಗಳು. ಒಂದು ಮಾರ್ಕಿನ ಕೊರತೆ ಒಂದು ಪೂರ್ತಿ ಗ್ರೇಡ್ ಪಾಯಿಂಟನ್ನು ನುಂಗುತ್ತದೆ.

ಇಷ್ಟು ಹೇಳಿದ ಮೇಲೆ ನಾನು ಹೋಟೆಲಿನ ಲೆಕ್ಕದವರ ಪಕ್ಷ ಸೇರಿದೆನೆಂದು ತಾವು ತಿಳಿದಿರಬಹುದು. ಹಾಗಲ್ಲ. ನನಗೆ ತೊಡಕು ಇರುವುದು ದಯೆಯ ಬಗ್ಗೆ ಅಲ್ಲ, ಆ ದಯೆ ಯಾರ ಬಾಗಿಲಿಗೆ ಹೋಗುತ್ತದೆ ಎಂಬುದರ ಬಗ್ಗೆ. ಇದನ್ನು ವಿವರಿಸಲು ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಸಭೆಯಲ್ಲಿ ಹೇಳತಕ್ಕ ಮಾತಲ್ಲ, ಆದರೂ ಹೇಳುತ್ತೇನೆ.

ಬೆರಳು ಒತ್ತುವ ಯಂತ್ರ ಬರುವುದಕ್ಕೆ ಮುಂಚೆ ನಮ್ಮ ಗಿರಣಿಯಲ್ಲಿ ಹಾಜರಿಯನ್ನು ಕೈಯಿಂದ ಬರೆಯುತ್ತಿದ್ದೆವು. ಬೆಳಗಿನ ಪಾಳಿ ಏಳು ಗಂಟೆಗೆ. ಹತ್ತು ನಿಮಿಷದವರೆಗೆ ತಡವಾದರೆ ಮಾಫಿ, ಅದನ್ನು ಮೀರಿದರೆ ಏಳರಿಂದಲೇ ಎಣಿಸಿ ಪಗಾರದಲ್ಲಿ ಕಡಿತ. ಮಳೆಗಾಲದ ಒಂದು ಬೆಳಿಗ್ಗೆ ಲೋಕಲ್ ಗಾಡಿಗಳು ತಡವಾಗಿದ್ದವು. ನಮ್ಮ ತಾಲ್ಲೂಕಿನವನೇ ಒಬ್ಬನು ಏಳು ಹನ್ನೆರಡಕ್ಕೆ ಓಡುತ್ತ ಬಂದನು. "ಅಣ್ಣಾ, ಗಾಡಿ ಕೈಕೊಟ್ಟಿತು, ಸ್ವಲ್ಪ ನೋಡಣ್ಣ" ಎಂದನು. ನಾನು ನೋಡಿದೆ. ಏಳು ಹತ್ತು ಎಂದು ಬರೆದೆ. ಎರಡು ನಿಮಿಷದಿಂದ ಯಾರ ಗಂಟು ಹೋಯಿತು? ಅವನಿಗಿಂತ ಒಂದು ನಿಮಿಷ ಮೊದಲು, ಏಳು ಹನ್ನೊಂದಕ್ಕೆ, ಉತ್ತರ ಪ್ರದೇಶದ ಒಬ್ಬ ಕೆಲಸಗಾರನು ಬಂದಿದ್ದನು. ಅವನೂ ಅದೇ ಗಾಡಿಯವನು. ಅವನು ಏನೂ ಹೇಳಲಿಲ್ಲ, ಟೋಪಿಯ ನೀರು ಕೊಡವಿಕೊಂಡು ನಿಂತನು. ಅವನ ಹೆಸರಿನ ಮುಂದೆ ಹನ್ನೊಂದು ನಿಮಿಷ ಎಂದೇ ಬರೆದೆ. ನಿಯಮ ಮುರಿದೆನೆಂದು ಯಾರೂ ಹೇಳುವಂತಿಲ್ಲ. ಅವನ ಮಟ್ಟಿಗೆ ನಾನು ನಿಯಮವನ್ನೇ ಪಾಲಿಸಿದ್ದೆ!

ಪಗಾರದ ದಿನ ಅವನು ಚೀಟಿ ಹಿಡಿದುಕೊಂಡು ಕಿಟಕಿಗೆ ಬಂದನು. ಜಗಳವಾಡಲಿಲ್ಲ. "ಬಾಬೂಜಿ, ಘಡೀ ತೋ ಏಕ್ ಹೀ ಹೈ ನಾ?" ಎಂದು ಕೇಳಿ ಹೊರಟುಹೋದನು. ಗಡಿಯಾರ ಒಂದೇ ಅಲ್ಲವೆ ಎಂದು ಅರ್ಥ. ಕಡಿತವಾದದ್ದು ಕೆಲವೇ ರೂಪಾಯಿ. ಅವನು ಕೇಳಿದ್ದು ರೂಪಾಯಿಯ ವಿಷಯವಲ್ಲ. ಊರವನಿಗೆ ಮಾಡಿದ ಉಪಕಾರದಲ್ಲಿ ನನಗೆ ಯಾವ ಪಾಪವೂ ಕಂಡಿರಲಿಲ್ಲ. ಪಕ್ಕದಲ್ಲಿ ಮಾತಾಡದೆ ನಿಂತಿದ್ದವನನ್ನು ನಾನು ಎಣಿಸಿಯೇ ಇರಲಿಲ್ಲ.

ಪ್ರಾಧ್ಯಾಪಕರ ಮನೆಯ ಬಾಗಿಲಲ್ಲಿ ನಡೆಯುವುದೂ ಇದೇ. ಬಾಗಿಲು ತಟ್ಟುವವನು ಯಾರು? ತಟ್ಟಿದರೆ ತೆರೆಯುತ್ತದೆ ಎಂದು ಗೊತ್ತಿರುವವನು. ಅವನ ಮನೆಯಲ್ಲಿ ಯಾರೋ ಕಾಲೇಜು ಕಂಡವರಿರುತ್ತಾರೆ. ಜತೆಗೆ ಹೋಗಲು ಒಬ್ಬ ಮಾವನಿರುತ್ತಾನೆ, ಇಸ್ತ್ರಿ ಮಾಡಿದ ಅಂಗಿ ಇರುತ್ತದೆ, ಪ್ರಾಧ್ಯಾಪಕರೆದುರು ಕುರ್ಚಿಯಲ್ಲಿ ಕುಳಿತು ಮಾತಾಡುವ ಧೈರ್ಯವಿರುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವವನು, ಹೋಟೆಲಿನ ಮೇಲಂತಸ್ತಿನಲ್ಲಿ ಹತ್ತು ಜನರ ನಡುವೆ ಮಲಗುವವನು, ತಾಯಿತಂದೆ ಹೆಬ್ಬೆಟ್ಟು ಒತ್ತುವ ಮನೆಯ ಮೊದಲನೆಯ ಪದವೀಧರನು, ಇವರು ತಟ್ಟುವುದಿಲ್ಲ. ಮಾರ್ಕೆಂದರೆ ಮಳೆಯ ಹಾಗೆ ಮೇಲಿನಿಂದ ಬೀಳುವುದು, ಬಿದ್ದಷ್ಟು ನಮ್ಮದು ಎಂದು ಅವರು ತಿಳಿದಿರುತ್ತಾರೆ. ಈ ಮುಂಬಯಿಯಲ್ಲಿ ನಮ್ಮ ಹಿಂದಿನವರು ಕನ್ನಡದ ರಾತ್ರಿ ಶಾಲೆಗಳನ್ನು ಕಟ್ಟಿದ್ದು ಇಂಥವರಿಗಾಗಿಯೇ. ಮೊಗವೀರ ಬಂಧುಗಳ ರಾತ್ರಿ ಶಾಲೆ 1908ರಲ್ಲಿ ಆರಂಭವಾಯಿತು. ಹಗಲು ಲೋಟ ತೊಳೆದ ಹುಡುಗರು ರಾತ್ರಿ ಅಕ್ಷರ ತಿದ್ದಿದರು. ಹಾಗೆ ಬಂದವನಿಗೆ ಪಾಠ ತಿಳಿದಿರುತ್ತದೆ, ಪಾಠದ ಹೊರಗಿನ ದಾರಿಗಳು ತಿಳಿದಿರುವುದಿಲ್ಲ.

ಆದುದರಿಂದ ಗುಟ್ಟಾಗಿ, ಕೇಳಿದವನಿಗೆ ಮಾತ್ರ, ಏರಿಸುವ ಎರಡು ಮಾರ್ಕು ಯಾರ ಗಂಟನ್ನೂ ಕದಿಯುವುದಿಲ್ಲವೆಂಬ ಮಾತು ಸರಿಯಲ್ಲ. ಬ್ಯಾಂಕಿನ ಜಾಹೀರಾತಿಗೆ ಅರ್ಜಿ ಹಾಕುವಲ್ಲಿ ಆ ಗೆಳೆಯನು ಒಳಗೆ, ನಮ್ಮವನು ಹೊರಗೆ. ಇಬ್ಬರ ಲೆಕ್ಕಪತ್ರದ ಜ್ಞಾನವೂ ಒಂದೇ.

ಹಾಗಾದರೆ ಗೆರೆಯಲ್ಲಿ ಒಂದು ಕೂದಲೆಳೆಯಷ್ಟೂ ಸಡಿಲ ಬೇಡವೆ? ಬೇಕು. ಸಡಿಲವನ್ನು ಹಕ್ಕಾಗಿ ಬರೆದಿಡುವ ಕ್ರಮ ನಮ್ಮ ಕಾರ್ಮಿಕರ ಕಾನೂನಿನಲ್ಲಿಯೇ ಇದೆ. ನಿಮ್ಮಲ್ಲಿ ಅನೇಕರಿಗೆ ಇದು ಉಪಯೋಗಕ್ಕೂ ಬರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. 1972ರ ಗ್ರಾಚ್ಯುಯಿಟಿ ಕಾಯಿದೆಯು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಕೊಡಬೇಕೆಂದು ವಿಧಿಸಿತು. ತಿಂಗಳ ಪಗಾರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುವುದು ಕ್ರಮ. ಇನ್ನು ವರ್ಷದ ಲೆಕ್ಕ. ಕೊನೆಯ ತುಂಡು ವರ್ಷವು ಆರು ತಿಂಗಳನ್ನು ಮೀರಿದ್ದರೆ ಅದನ್ನು ಪೂರ್ತಿ ವರ್ಷವೆಂದು ಎಣಿಸಬೇಕು ಎಂದು ಕಾಯಿದೆಯಲ್ಲಿಯೇ ಬರೆದಿದ್ದಾರೆ. ಕೊನೆಯ ಪಗಾರ 13,000 ಇರುವವನಿಗೆ ವರ್ಷಕ್ಕೆ 7,500 ರೂಪಾಯಿ ಆಗುತ್ತದೆ. ಅವನು 12 ವರ್ಷ 7 ತಿಂಗಳು ದುಡಿದಿದ್ದರೆ 13 ವರ್ಷವೆಂದು ಹಿಡಿದು 97,500 ಕೊಡಬೇಕು. 12 ವರ್ಷ 5 ತಿಂಗಳಾದರೆ 90,000. ಇದೂ ಅಂಚಿನವನನ್ನು ಮೇಲಕ್ಕೆ ಎತ್ತುವುದೇ. ಆದರೆ ಇದಕ್ಕಾಗಿ ಯಾರೂ ಮ್ಯಾನೇಜರರ ಮನೆಗೆ ಸೋದರಮಾವನನ್ನು ಕರೆದುಕೊಂಡು ಹೋಗಬೇಕಾಗಿಲ್ಲ. ಮಾತೇ ಆಡದವನಿಗೂ ಸಿಕ್ಕುತ್ತದೆ, ಕಾರಕೂನನಿಗೆ ಅವನು ಬೇಡದವನಾಗಿದ್ದರೂ ಸಿಕ್ಕುತ್ತದೆ. ಐದು ತಿಂಗಳಿನವನಿಗೆ ದುಃಖ ಆಗದೆಂದಲ್ಲ. ಗೆರೆಯನ್ನು ಎಲ್ಲಿ ಎಳೆದರೂ ಅದರ ಈಚೆಗೆ ಒಬ್ಬನು ನಿಂತೇ ಇರುತ್ತಾನೆ. ಅವನು ಕೊನೆಗೆ ಸಿಟ್ಟಾಗುವುದು ಕಾಯಿದೆಯ ಮೇಲೆ, ಪಕ್ಕದವನ ಮೇಲಲ್ಲ.

ವಿಶ್ವವಿದ್ಯಾನಿಲಯಗಳಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಮುಂಬಯಿ ವಿಶ್ವವಿದ್ಯಾನಿಲಯವು ಬಹುಕಾಲ ನಡೆಸಿದ ಕಟ್ಟಳೆಗಳಲ್ಲಿ 5042-ಎ ಎಂಬುದು ಪಾಸಿನ ಗ್ರೇಸಿಗೆ ಸಂಬಂಧಪಟ್ಟದ್ದು. 50 ಮಾರ್ಕಿನವರೆಗಿನ ಪತ್ರಿಕೆಗೆ ಹೆಚ್ಚೆಂದರೆ ಎರಡು, 100 ಮಾರ್ಕಿನ ಪತ್ರಿಕೆಗೆ ಮೂರು, ಎಲ್ಲ ಸೇರಿ ಆ ಪರೀಕ್ಷೆಯ ಒಟ್ಟು ಮಾರ್ಕಿನ ಪ್ರತಿಶತ ಒಂದನ್ನು ಮೀರಬಾರದು. 5043-ಎ ಎಂಬುದು ಮೇಲಿನ ವರ್ಗಕ್ಕೆ ಏರಿಸುವುದರ ಬಗ್ಗೆ. ಯಾವ ಗ್ರೇಸೂ ಇಲ್ಲದೆ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾದವನಿಗೆ ವರ್ಗ ಸಿಕ್ಕಲು ಒಟ್ಟು ಮಾರ್ಕಿನ ಪ್ರತಿಶತ ಒಂದು ಅಥವಾ 10 ಮಾರ್ಕು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟರೊಳಗೆ ಕೊರತೆಯಿದ್ದರೆ ತುಂಬಿಕೊಡತಕ್ಕದ್ದು. ನಮ್ಮ ತರುಣನ ಮೂರು ಮಾರ್ಕು ಇಂಥ ಅಳತೆಯ ಒಳಗೇ ಬರುತ್ತದೆ. ಅವನ ಕಾಲೇಜಿನ ಪುಸ್ತಕದಲ್ಲಿ ಇಂಥದೊಂದು ಸಾಲು ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ. ಕಟ್ಟಳೆ ಕಪಾಟಿನಲ್ಲಿದ್ದು ವಿದ್ಯಾರ್ಥಿಗೆ ಕಾಣದಿದ್ದರೆ ಅದೂ ಒಂದು ರೀತಿಯ ಗುಟ್ಟೇ.

ಬರೆದಿಟ್ಟ ಕೂಡಲೆ ಎಲ್ಲವೂ ಸರಿಯಾಯಿತೆಂದು ನಾನು ಹೇಳುವುದಿಲ್ಲ. ಅಳತೆ ಮೀರಿದರೆ ಗ್ರೇಸಿನ ಅರ್ಥವೇ ಕೆಡುತ್ತದೆ. ನಮ್ಮ ಕರ್ನಾಟಕದಲ್ಲಿ 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ನಕಲು ತಡೆಯಲಿಕ್ಕಾಗಿ ಕ್ಯಾಮೆರಾದ ಕಣ್ಣಿನಡಿ ನಡೆಸಿದರು. ಫಲಿತಾಂಶ ಕುಸಿಯಿತು. ಆಗ ಪತ್ರಿಕೆಗಳು ತಿದ್ದಿಯಾದ ಮೇಲೆ ಗ್ರೇಸ್ ಅಂಕವನ್ನು ಪ್ರತಿಶತ 10ರಿಂದ 20ಕ್ಕೆ ಏರಿಸಿದರು. ಅಷ್ಟಾದರೂ ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಮುಂದೆ ಹೀಗೆ ಕೊಡಬಾರದೆಂದು ಸರಕಾರವೇ ಹೇಳಬೇಕಾಯಿತು. ಎರಡು ಮಾರ್ಕು ಕೊಡುವುದು ಅಂಚನ್ನು ಒರಸುವುದು, ಇಪ್ಪತ್ತು ಕೊಡುವುದು ಗೋಡೆಯನ್ನೇ ಸರಿಸುವುದು. ಆ ಮಕ್ಕಳ ಮೇಲೆ ನನ್ನ ಆಕ್ಷೇಪವಿಲ್ಲ. ಹಳ್ಳಿಯ ಶಾಲೆಯಲ್ಲಿ ಗಣಿತದ ಮೇಷ್ಟರಿಲ್ಲದ ತಪ್ಪನ್ನು ಮಾರ್ಕಿನ ತೇಪೆಯಿಂದ ಮುಚ್ಚಿದ್ದರ ಮೇಲೆ ಆಕ್ಷೇಪವಿದೆ.

ಇನ್ನೊಂದು, ಕಾಲದ ವಿಷಯ. 2017ರ ಏಪ್ರಿಲಿನಲ್ಲಿ ಕೇಂದ್ರೀಯ ಮಂಡಳಿಯು, ಕಠಿನ ಪ್ರಶ್ನೆಪತ್ರಿಕೆಗಾಗಿ ಮಾರ್ಕು ಹೊಂದಿಸಿಕೊಡುವ ಪದ್ಧತಿಯನ್ನು ತಟ್ಟನೆ ನಿಲ್ಲಿಸಲು ನಿರ್ಧರಿಸಿತು. ಆ ಪದ್ಧತಿಯ ದುರುಪಯೋಗ ಆಗುತ್ತಿತ್ತೆಂಬುದು ನಿಜವೇ. ಆದರೂ ಮೇ ತಿಂಗಳಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಆ ವರ್ಷದ ಮಕ್ಕಳಿಗೆ ಹಳೆಯ ಪದ್ಧತಿಯನ್ನೇ ನಡೆಸಬೇಕೆಂದು ಆಜ್ಞೆ ಮಾಡಿತು. ಪರೀಕ್ಷೆಗೆ ಕುಳಿತಾದ ಮೇಲೆ ನಿಯಮ ತಿರುಗಿಸುವುದು ನ್ಯಾಯವಲ್ಲ. ಏರಿಸುವುದಕ್ಕೂ ಇದು ಅನ್ವಯಿಸುತ್ತದೆ, ಇಳಿಸುವುದಕ್ಕೂ ಅನ್ವಯಿಸುತ್ತದೆ.

ಪ್ರಾಧ್ಯಾಪಕರ ಪಕ್ಷದಿಂದ ಒಂದು ಪ್ರಶ್ನೆ ಬರಬಹುದು. ವರ್ಷವಿಡೀ ಹುಡುಗನನ್ನು ಕಣ್ಣಾರೆ ಕಂಡವನು ನಾನು, ಇವನು ಶ್ರಮಪಟ್ಟವನು, ಅವನು ಸೋಮಾರಿ ಎಂದು ನನಗೆ ಗೊತ್ತಿದೆ, ನನ್ನ ವಿವೇಕಕ್ಕೆ ಬೆಲೆಯೇ ಇಲ್ಲವೆ ಎಂದು. ಬೆಲೆಯಿದೆ ಸ್ವಾಮಿ. ಆದರೆ ಕಂಡದ್ದಕ್ಕೆ ಮಾರ್ಕು ಕೊಡುವುದಾದರೆ ಹಾಜರಿಗೆ ಇಷ್ಟು, ಮನೆಗೆಲಸಕ್ಕೆ ಇಷ್ಟು ಎಂದು ಜೂನ್ ತಿಂಗಳಲ್ಲಿಯೇ ಹಲಗೆಯ ಮೇಲೆ ಬರೆಯಿರಿ. ಮಾರ್ಚಿನಲ್ಲಿ ನೆನಪಿನಿಂದ ಕೊಟ್ಟರೆ ಮುಂದಿನ ಬೆಂಚಿನವನು ನೆನಪಾಗುತ್ತಾನೆ, ಕಂಬದ ಹಿಂದೆ ಕುಳಿತವನು ನೆನಪಾಗುವುದಿಲ್ಲ. ಅಂಚಿನ ಪತ್ರಿಕೆಗಳ ಬಗ್ಗೆ ಸಂಶಯವಿದ್ದರೆ ಇನ್ನೂ ಒಳ್ಳೆಯ ಉಪಾಯವಿದೆ. ಗೆರೆಯಿಂದ ಮೂರು ಮಾರ್ಕಿನೊಳಗೆ ಬಿದ್ದ ಎಲ್ಲ ಪತ್ರಿಕೆಗಳನ್ನೂ, ಹೆಸರು ನಂಬರು ಮುಚ್ಚಿ, ಇನ್ನೊಬ್ಬರ ಕೈಗೆ ಕೊಟ್ಟು ಓದಿಸುವುದು. ಕೆಲವು ಸ್ನಾತಕೋತ್ತರ ಪರೀಕ್ಷೆಗಳಲ್ಲಿ ಇಬ್ಬರು ಓದುವ ಪದ್ಧತಿ ಇದೆ, ಇಬ್ಬರ ಅಂತರ ಹೆಚ್ಚಾದರೆ ಮೂರನೆಯವರಿಗೆ ಹೋಗುತ್ತದೆ. ಖರ್ಚು ಬರುತ್ತದೆ, ಫಲಿತಾಂಶ ವಾರ ತಡವಾಗುತ್ತದೆ. ಆಗಲಿ. ಮನೆಯ ಬಾಗಿಲಿಗೆ ಬಂದ ಹುಡುಗನಿಗೆ ಆಗ ಪ್ರಾಧ್ಯಾಪಕರು ಸಮಾಧಾನದಿಂದ ಹೇಳಬಹುದು: "ನಿನ್ನ ಪತ್ರಿಕೆ ಹೇಗೂ ಎರಡನೆಯ ಸಲ ಓದಿಸಲ್ಪಡುತ್ತದಪ್ಪ, ನೀನು ಬಾರದಿದ್ದರೂ ಓದಿಸುತ್ತಿದ್ದೆವು."

ಕೊನೆಯಲ್ಲಿ ನಮ್ಮ ಕೈಯಲ್ಲಿ ಆಗತಕ್ಕದ್ದನ್ನು ಹೇಳಿ ಮುಗಿಸುತ್ತೇನೆ. ಮಹಾರಾಷ್ಟ್ರ ಮಂಡಳಿಯ ಒಂದು ವ್ಯಾಜ್ಯದಲ್ಲಿ 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಉತ್ತರ ಪತ್ರಿಕೆ ನೋಡುವುದನ್ನೂ ಮರುಮೌಲ್ಯಮಾಪನವನ್ನೂ ವಿದ್ಯಾರ್ಥಿಯು ಹಕ್ಕೆಂದು ಕೇಳುವಂತಿಲ್ಲ ಎಂದಿತ್ತು. ಮಾಹಿತಿ ಹಕ್ಕಿನ ಕಾಯಿದೆ 2005ರಲ್ಲಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 2011ರಲ್ಲಿ ಅದೇ ನ್ಯಾಯಾಲಯವು, ತಿದ್ದಿದ ಉತ್ತರ ಪತ್ರಿಕೆಯೂ ಮಾಹಿತಿಯೇ, ಬರೆದ ವಿದ್ಯಾರ್ಥಿಯು ಅದನ್ನು ನೋಡಬಹುದು, ಪ್ರತಿಯನ್ನು ಪಡೆಯಬಹುದು ಎಂದು ತೀರ್ಪು ಕೊಟ್ಟಿತು. ಮರುಮೌಲ್ಯಮಾಪನಕ್ಕೆ ಮಾತ್ರ ಆಯಾ ವಿಶ್ವವಿದ್ಯಾನಿಲಯದ ನಿಯಮ ಇರಬೇಕು. ಕೂಡಿಸುವುದರಲ್ಲಿ ತಪ್ಪಿದ್ದರೆ, ಒಂದು ಪುಟ ತಿದ್ದದೆ ಉಳಿದಿದ್ದರೆ, ಪ್ರತಿ ಕೈಗೆ ಬಂದಾಗ ಮೆಟ್ರಿಕ್ ಓದಿದವನಿಗೂ ಅದು ಕಾಣುತ್ತದೆ. ಇದು ಬೇಡುವುದಲ್ಲ, ಲೆಕ್ಕ ಕೇಳುವುದು. ಆದರೆ ಅರ್ಜಿಗೆ ಗಡುವು ಇರುತ್ತದೆ, ಉತ್ತರ ಪತ್ರಿಕೆಗಳನ್ನು ಕೆಲವು ಕಾಲದ ನಂತರ ನಾಶ ಮಾಡುತ್ತಾರೆ. ಫಲಿತಾಂಶ ಬಂದ ವಾರವೇ ಎಚ್ಚರವಾಗಬೇಕು.

ನಮ್ಮ ತರುಣನು ಕೊನೆಯ ಸೆಮಿಸ್ಟರಿನ ಎರಡು ಉತ್ತರ ಪತ್ರಿಕೆಗಳ ಪ್ರತಿಗಾಗಿಯೂ, ಗ್ರೇಸ್ ಮಾರ್ಕಿನ ಕಟ್ಟಳೆ ಇದ್ದರೆ ಅದರ ಪ್ರತಿಗಾಗಿಯೂ ಹೋದ ವಾರ ಅರ್ಜಿ ಕಳಿಸಿದ್ದಾನೆ. ಅರ್ಜಿ ಬರೆದದ್ದು ಈ ಮೇಜಿನ ಮೇಲೆಯೇ. ಕನ್ನಡ ನನ್ನದು, ಇಂಗ್ಲಿಷು ನಮ್ಮ ರೈಲ್ವೆಯ ಹಿರಿಯರದು. ಮಾರ್ಕೆಂದರೆ ಮಾರ್ಕು ಎಂದು ಗೊಣಗುತ್ತಲೇ ಎರಡು ಸಲ ತಿದ್ದಿಕೊಟ್ಟರು. ಉತ್ತರ ಇನ್ನೂ ಬಂದಿಲ್ಲ.

ಇಲ್ಲಿ ಕುಳಿತವರಲ್ಲಿ ಯಾರ ತಮ್ಮಂದಿರೋ ತಂಗಿಯರೋ ಮಕ್ಕಳೋ ಕಾಲೇಜಿನ ಕೊನೆಯ ವರ್ಷದಲ್ಲಿದ್ದರೆ, ಅವರ ವಿಶ್ವವಿದ್ಯಾನಿಲಯದ ಪರೀಕ್ಷಾ ನಿಯಮಗಳ ಒಂದು ಪ್ರತಿಯನ್ನು ತಂದುಕೊಡಿರಿ. ಗ್ರೇಸಿನ ಪುಟಕ್ಕೆ ಗುರುತು ಹಾಕಿ, ದಿನಪತ್ರಿಕೆಗಳ ಪಕ್ಕದಲ್ಲಿ ಒಂದು ಕಡತ ಮಾಡಿ ಇಡೋಣವೆಂದು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಅರ್ಜಿ ಬರೆಯಲು ತೊಡಕಾದವರಿಗಾಗಿ ರವಿವಾರ ನಾಲ್ಕರಿಂದ ಆರರವರೆಗೆ ನಾನು ಇಲ್ಲಿ ಕುಳಿತಿರುತ್ತೇನೆ. ಕಾಗದ ವಾಚನಾಲಯದ್ದು, ಅಂಚೆಯ ಖರ್ಚು ಅವರವರದು.